ಡಿಕ್ಕಿ

ಡಿಕ್ಕಿ (ನಾಮಪದ): ಗುದ್ದು, ಹಾಯುವಿಕೆ. 'ಢಿಕ್ಕಿ' ಎಂದೂ ಬರೆಯುತ್ತಾರೆ. ಟಗರು ಎರಡು ಹೆಜ್ಜೆ ಹಿಂದೆ ಸರಿದು, ತಲೆ ತಗ್ಗಿಸಿ, ನುಗ್ಗಿ ಹಾಯುವುದು ಡಿಕ್ಕಿ. ಪತ್ರಿಕೆಗಳಲ್ಲಿ ಈಗ ಇದು ಹೆಚ್ಚಾಗಿ ವಾಹನಗಳ ಪದ. ಸಾಮಾನು ತುಂಬುವ ಕಾರಿನ 'ಡಿಕ್ಕಿ'ಗೂ ಇದಕ್ಕೂ ನಂಟಿಲ್ಲ. ಅದು ಹಳೆಯ ಕಾರುಗಳ ಹಿಂಬದಿಯ ಮಡಿಚುವ ಸೀಟಿಗಿದ್ದ 'ಡಿಕಿ' ಎಂಬ ಇಂಗ್ಲಿಷ್ ಹೆಸರು.

ಬಳಕೆಯಲ್ಲೊಂದು ಸೂಕ್ಷ್ಮವಿದೆ. 'ತಾಗಿತು' ಎಂದಾಗ ಯಾರನ್ನೂ ದೂರುವುದಿಲ್ಲ. 'ಡಿಕ್ಕಿಯಾಯಿತು' ಎಂದಾಗ ತಪ್ಪು ಯಾರದೆಂದು ಇನ್ನೂ ಗೊತ್ತಾಗಬೇಕು. 'ಡಿಕ್ಕಿ ಹೊಡೆದ' ಎಂದರೆ ಹೊಣೆ ಒಬ್ಬನ ಮೇಲೆ ಬಿತ್ತು.

ಕಾರ್ ರೇಸಿಗೆ ಬೇಕಾದದ್ದು ಇದೇ ವಿವೇಕ. ಅಮೆರಿಕದ ನ್ಯಾಸ್ಕಾರ್‌ನಲ್ಲಿ ಚಕ್ರಗಳು ಕಾರಿನ ಮೈಯೊಳಗಿರುವುದರಿಂದ ಬಂಪರ್‌ ಉಜ್ಜಾಟ ಮಾಮೂಲು. ಫಾರ್ಮುಲಾ ಒನ್‌ನಲ್ಲಿ ಚಕ್ರಗಳು ಹೊರಗೆ; ಚಕ್ರದ ಮೇಲೆ ಚಕ್ರ ಹತ್ತಿದರೆ ಕಾರು ಗಾಳಿಗೇಳಬಹುದು. 1997ರಲ್ಲಿ ಸ್ಪೇನಿನ ಹೆರೆಸ್‌ನಲ್ಲಿ ನಡೆದ ಫಾರ್ಮುಲಾ ಒನ್ ರೇಸಿನಲ್ಲಿ, ಒಳಬದಿಯಿಂದ ಮುಂದೆ ಹೋಗುತ್ತಿದ್ದ ಜಾಕ್ ವಿಲ್ನವ್ ಕಾರಿನ ಪಕ್ಕೆಗೆ ಮೈಕಲ್ ಶೂಮಾಕರ್ ತಮ್ಮ ಕಾರಿನ ಬಲ ಮುಂಚಕ್ರವನ್ನು ತಿರುಗಿಸಿದರು. ಆ ವರ್ಷದ ಚಾಂಪಿಯನ್‌ಷಿಪ್ ಪಟ್ಟಿಯಿಂದಲೇ ಶೂಮಾಕರ್ ಅವರನ್ನು ಕೈಬಿಡಲಾಯಿತು.

ತಾಗಿದ್ದನ್ನು ಸಹಿಸಬಹುದು, ಹೊಡೆದದ್ದನ್ನು ಸಹಿಸಬಾರದು.