ಎಲ್ಮರ್ ಕೀತ್ ಅವರ 'ನಂ. 5' ರಿವಾಲ್ವರ್: ಹಳೇ ಕೋಲ್ಟ್ ಕಾಡುಮೇಡಿನ ಸಂಗಾತಿಯಾದದ್ದು ಹೇಗೆ?

ಹಳೇ ವಸ್ತುವನ್ನು ಮುಟ್ಟದೆ ಉಳಿಸಿದರಷ್ಟೇ ಬೆಲೆ ಎನ್ನುವುದು ಸಂಗ್ರಹಕಾರರ ಲೆಕ್ಕ. ಆದರೆ ಬೆಸುಗೆ ಹಾಕಿ, ಭಾಗಗಳನ್ನು ಬದಲಿಸಿ ರೂಪಿಸಿದ ಒಂದು ಕೋಲ್ಟ್ ರಿವಾಲ್ವರ್ ಸುಮಾರು ನೂರು ವರ್ಷಗಳಿಂದ ಈ ಲೆಕ್ಕವನ್ನೇ ತಲೆಕೆಳಗು ಮಾಡಿದೆ. ಅದೇ ಅಮೆರಿಕದ ಎಲ್ಮರ್ ಕೀತ್ ಅವರ 'ನಂ. 5'.

ಯಾರು ಈ ಎಲ್ಮರ್ ಕೀತ್?

1899ರಲ್ಲಿ ಜನಿಸಿದ ಕೀತ್ ದನಗಾಹಿ, ಬೇಟೆ ಮಾರ್ಗದರ್ಶಿ ಹಾಗೂ ಬರಹಗಾರ. ದಿನವಿಡೀ ಕುದುರೆ ಮೇಲೆ ಇರುವವರಿಗೆ ಉದ್ದನೆಯ ರೈಫಲ್ ಸದಾ ಕೈಗೆ ಸಿಗುವುದಿಲ್ಲ. ಸೊಂಟದಲ್ಲಿರುವ ರಿವಾಲ್ವರೇ ಆಸರೆ. 1925ರ ಜುಲೈ 4ರಂದು ಅವರ ಕೈಯಲ್ಲಿದ್ದ ಹಳೇ .45 ಕೋಲ್ಟ್, ಭಾರಿ ಮದ್ದಿನ ಒತ್ತಡ ತಾಳಲಾರದೆ ಸಿಡಿಯಿತು. ಅಲ್ಲಿಂದ ಅವರು .44 ಸ್ಪೆಷಲ್ ಕಡೆ ಹೊರಳಿದರು. ಕಾರಣ ಸರಳ: ಸಿಲಿಂಡರ್ ಗಾತ್ರ ಅಷ್ಟೇ ಇದ್ದು ಗುಂಡಿನ ರಂಧ್ರ ಕಿರಿದಾದರೆ, ಸುತ್ತಲಿನ ಉಕ್ಕಿನ ಗೋಡೆ ದಪ್ಪವಾಗುತ್ತದೆ.

'ನಂ. 5' ಹೆಸರು ಬಂದಿದ್ದು ಹೇಗೆ?

ಫಿಲಡೆಲ್ಫಿಯಾದ ಹೆರಾಲ್ಡ್ ಕ್ರಾಫ್ಟ್ 1928ರಲ್ಲಿ ತಮ್ಮ ಮಾರ್ಪಡಿಸಿದ ರಿವಾಲ್ವರ್‌ಗಳನ್ನು ಹೊತ್ತು ಒರೆಗಾನ್‌ನಲ್ಲಿದ್ದ ಕೀತ್ ಅವರ ಜಮೀನಿಗೆ ಬಂದರು. ಕ್ರಾಫ್ಟ್ ಅವರ ಬಳಿ 1ರಿಂದ 4ರವರೆಗಿನ ಮಾದರಿಗಳಿದ್ದವು. ಇಬ್ಬರ ಚರ್ಚೆಯಲ್ಲಿ ಹುಟ್ಟಿದ್ದೇ ಐದನೆಯದು. ಸೆಡ್ಗ್ಲಿ, ಹೌಚಿನ್ಸ್, ಓಮೇರಾ ಎಂಬ ಕುಶಲಕರ್ಮಿಗಳ ಕೈಚಳಕ ಇದರಲ್ಲಿದೆ. 1929ರ ಏಪ್ರಿಲ್‌ನಲ್ಲಿ 'ಅಮೆರಿಕನ್ ರೈಫಲ್‌ಮ್ಯಾನ್' ಪತ್ರಿಕೆಯಲ್ಲಿ ಕೀತ್ ಇದರ ಬಗ್ಗೆ ಬರೆದರು.

ಬದಲಾಗಿದ್ದೇನು?

* ಗುರಿ: 1873ರ ಕೋಲ್ಟ್ ಸಿಂಗಲ್ ಆಕ್ಷನ್ ಆರ್ಮಿಯಲ್ಲಿ ಹಿಂದಿನ ಗುರಿ ಎಂದರೆ ಚೌಕಟ್ಟಿನ ಮೇಲಿನ ಒಂದು ಗಾಡಿ ಮಾತ್ರ. ನಂ. 5ರಲ್ಲಿ ಮೇಲ್ಭಾಗವನ್ನು ಸಮತಟ್ಟಾಗಿಸಿ, ಹೊಂದಿಸಬಹುದಾದ ಗುರಿ ಅಳವಡಿಸಲಾಯಿತು.
* ಹಿಡಿಕೆ: ಹಳೇ ಹಿಡಿಕೆ ಗುಂಡು ಹಾರಿದಾಗ ಅಂಗೈಯಲ್ಲಿ ಮೇಲಕ್ಕೆ ಜಾರುತ್ತಿತ್ತು. ಕೋಲ್ಟ್‌ನದೇ ಬಿಸ್ಲಿ ಮಾದರಿಯ ಹಿಂಬದಿಯನ್ನು ಇದಕ್ಕೆ ಬೆಸೆದು ಹೊಸ ಆಕಾರ ಕೊಡಲಾಯಿತು.
* ಹ್ಯಾಮರ್: ಚಳಿಗೆ ಮರಗಟ್ಟಿದ ಹೆಬ್ಬೆರಳಿಗೂ ಸಿಗುವಂಥ ಅಗಲದ ತುದಿ.
* ಸಿಲಿಂಡರ್ ಪಿನ್: ಭಾರಿ ಗುಂಡಿನ ಹೊಡೆತಕ್ಕೂ ಜಾರದಂತೆ ಗಟ್ಟಿ ಹಿಡಿತದ ಪಿನ್ ಮತ್ತು ಅಗುಳಿ.

ಒಂದು ಮಿತಿ ಮಾತ್ರ ಹಾಗೇ ಉಳಿಯಿತು. ಹಳೇ ಕೋಲ್ಟ್ ವಿನ್ಯಾಸದಲ್ಲಿ ಆರೂ ಕೋಣೆ ತುಂಬಿ ಒಯ್ಯುವುದು ಅಪಾಯ. ಹ್ಯಾಮರ್‌ಗೆ ಪೆಟ್ಟು ಬಿದ್ದರೆ ಗುಂಡು ಹಾರಬಹುದು. ಹಾಗಾಗಿ ಬಲ್ಲವರು ಐದನ್ನೇ ತುಂಬಿ, ಹ್ಯಾಮರ್ ಕೆಳಗಿನ ಕೋಣೆಯನ್ನು ಖಾಲಿ ಬಿಡುತ್ತಾರೆ.

ಮೆಚ್ಚಬೇಕಾದ್ದು ಏನನ್ನು?

ಇದರಲ್ಲಿ ಕೆತ್ತನೆಯೂ ಇದೆ, ದಂತದ ಹಿಡಿಕೆಯೂ ಇದೆ. ಆದರೆ ನಿಜವಾದ ಹೆಚ್ಚುಗಾರಿಕೆ ಅಲಂಕಾರದಲ್ಲಿಲ್ಲ. ಒಂದೊಂದು ಬದಲಾವಣೆಯೂ ಬಯಲಿನಲ್ಲಿ ಕಂಡ ಒಂದೊಂದು ಕೊರತೆಗೆ ಉತ್ತರ. ಹಾಗಂತ ಸಿಕ್ಕ ಹಳೇ ಕೋಲ್ಟ್‌ಗಳನ್ನೆಲ್ಲ ಕೊಯ್ಯುವಂತಿಲ್ಲ. ಮೂಲ ಸ್ಥಿತಿಯ ಅಪರೂಪದ ರಿವಾಲ್ವರ್ ಒಮ್ಮೆ ಕೆಟ್ಟರೆ ಮರಳಿ ಬಾರದು. ಆಗಲೇ ಸವೆದ, ಭಾಗಗಳು ಬದಲಾದ ಬಂದೂಕನ್ನು ಆರಿಸಿಕೊಳ್ಳುವುದೇ ಜಾಣತನ ಎನ್ನುವುದು ಈ ವಲಯದ ಸಾಮಾನ್ಯ ಅಭಿಪ್ರಾಯ.

ಕೀತ್ 1984ರಲ್ಲಿ ತೀರಿಕೊಂಡರು. ಅವರು ಪಟ್ಟು ಹಿಡಿದು ಕೇಳಿದ್ದ ಹೆಚ್ಚು ಶಕ್ತಿಯ .44, ಸ್ಮಿತ್ ಅಂಡ್ ವೆಸನ್‌ನ .44 ಮ್ಯಾಗ್ನಮ್ ಆಗಿ 1955ರ ಕೊನೆಯಲ್ಲಿ ಬಂದಿತ್ತು. ನಂ. 5 ಅನ್ನು 2015ರಲ್ಲಿ ಅಮೆರಿಕದಲ್ಲಿ ಹರಾಜು ಹಾಕಲಾಯಿತು.

ಭಾರತದಲ್ಲಿ ಸಾಧ್ಯವೇ?

ಇಲ್ಲಿ ಮನಬಂದಂತೆ ಬಂದೂಕು ಮಾರ್ಪಡಿಸುವಂತಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಬಂದೂಕಿನ ಪರಿವರ್ತನೆ, ದುರಸ್ತಿ ಮಾಡುವವರಿಗೆ ಅದಕ್ಕೆಂದೇ ಪರವಾನಗಿ ಇರಬೇಕು. ನಳಿಕೆ ಕತ್ತರಿಸಲೂ ಪರವಾನಗಿ ಬೇಕು. 2019ರ ತಿದ್ದುಪಡಿಯಂತೆ ಸಾಮಾನ್ಯ ಪರವಾನಗಿದಾರರು ಗರಿಷ್ಠ 2 ಬಂದೂಕು ಮಾತ್ರ ಹೊಂದಬಹುದು. ಅಜ್ಜನಿಂದ ಬಂದ ಬಂದೂಕೂ ಈ ಲೆಕ್ಕಕ್ಕೆ ಸೇರುತ್ತದೆ. ಮನೆಯ ಪೆಟ್ಟಿಗೆಯಲ್ಲಿ ಹಳೇ ರಿವಾಲ್ವರ್ ಸಿಕ್ಕಿದರೆ ಮೊದಲು ನೋಡಬೇಕಾದ್ದು ಅದರ ಪರವಾನಗಿ ಪತ್ರ.