ಎಪಿಐ ಜೋಡಣೆ (ಸರಕಾರಿ ಸೇವೆಗಳಲ್ಲಿ)

ಒಂದು ಇಲಾಖೆಯ ಗಣಕದಲ್ಲಿರುವ ಮಾಹಿತಿಯನ್ನು ಇನ್ನೊಂದು ಇಲಾಖೆಯ ತಂತ್ರಾಂಶ ನೇರವಾಗಿ ಕೇಳಿ ಪಡೆಯುವ ವ್ಯವಸ್ಥೆ. ಹೇಗೆ ಕೇಳಬೇಕು, ಉತ್ತರ ಯಾವ ರೂಪದಲ್ಲಿ ಬರುತ್ತದೆ, ಕೇಳುವ ಹಕ್ಕು ಯಾರಿಗಿದೆ ಎಂಬುದನ್ನು ಮೊದಲೇ ಗೊತ್ತುಪಡಿಸಿದ ಕಟ್ಟಳೆಗೆ ಎಪಿಐ ಎಂದು ಹೆಸರು. ಆ ಕಟ್ಟಳೆಯನ್ನು ಎಲ್ಲರೂ ಓದುವಂತೆ ಪ್ರಕಟಿಸಿದರೆ ಅದು ಮುಕ್ತ ಎಪಿಐ. ಅದರ ಹಿಂದಿನ ತಂತ್ರಾಂಶದ ಮೂಲ ಕೋಡನ್ನೇ ಬಿಟ್ಟುಕೊಟ್ಟರೆ ಓಪನ್ ಸೋರ್ಸ್. ಇವೆರಡನ್ನೂ ಒಂದೇ ಎಂದುಕೊಳ್ಳುವುದುಂಟು, ಒಂದಲ್ಲ. ಕರ್ನಾಟಕದಲ್ಲಿ ಜೋಡಣೆಯ ಕೆಲಸ ಬಹಳ ಮುಂದೆ ಹೋಗಿದೆ, ಮುಕ್ತತೆಯ ಕೆಲಸ ಹಿಂದೆ ಉಳಿದಿದೆ.

ಜೋಡಣೆಯ ಲಾಭ ನಷ್ಟ ಎರಡನ್ನೂ ನೋಡುವುದಕ್ಕೆ ದಕ್ಷಿಣ ಕನ್ನಡದ ಮಡಂತ್ಯಾರಿನಂಥ ಪೇಟೆ ಅನುಕೂಲ. ಬೆಳ್ತಂಗಡಿ ತಾಲೂಕಿನ ಈ ಊರು ಬಿ.ಸಿ. ರೋಡಿನಿಂದ ಬೆಳ್ತಂಗಡಿಗೆ ಹೋಗುವ ಹೆದ್ದಾರಿಯಲ್ಲಿದೆ. ಪಕ್ಕದ ಪುಂಜಾಲಕಟ್ಟೆ ಬಂಟ್ವಾಳ ತಾಲೂಕು. ಮಕ್ಕಳು ಓದಲು ಹೋಗುವ ಕಡೆಗಳಲ್ಲೊಂದು ಮೂಡುಬಿದಿರೆ, ಅದು ಮಂಗಳೂರು ತಾಲೂಕಿನಿಂದ ಬೇರ್ಪಟ್ಟು ತಾನೇ ಒಂದು ತಾಲೂಕಾಗಿದೆ. ಮನೆ ಒಂದು ತಾಲೂಕು, ತೋಟ ಇನ್ನೊಂದು, ಕಾಲೇಜು ಮತ್ತೊಂದು ಎಂಬ ಕುಟುಂಬಕ್ಕೆ ಇಲಾಖೆಗಳ ಗಣಕಗಳು ಒಂದನ್ನೊಂದು ಮಾತಾಡಿಸುತ್ತವೆಯೋ ಇಲ್ಲವೋ ಎಂಬುದು ಬಸ್ಸಿನ ಖರ್ಚಿನ ಪ್ರಶ್ನೆ.

ಹಿನ್ನೆಲೆ

ಕರ್ನಾಟಕದ ಇ-ಆಡಳಿತ ಬಿಡಿಬಿಡಿಯಾಗಿ ಬೆಳೆಯಿತು. ಭೂ ದಾಖಲೆಗಳ ‘ಭೂಮಿ’ ಯೋಜನೆ 2000ದ ಸುಮಾರಿಗೆ ಆರಂಭವಾಗಿ ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳನ್ನು ಗಣಕಕ್ಕೇರಿಸಿತು. ಕೈಬರಹದ ಆರ್‌ಟಿಸಿಗೆ (ಪಹಣಿಗೆ) ಮಾನ್ಯತೆ ಹೋಯಿತು. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಇದರ ಮುಂದಾಳು, ತಂತ್ರಾಂಶ ಎನ್‌ಐಸಿಯದ್ದು. ನೋಂದಣಿ ಇಲಾಖೆಯ ‘ಕಾವೇರಿ’, ಭೂಮಾಪನದ ‘ಮೋಜಿಣಿ’, ಗ್ರಾಮ ಪಂಚಾಯತ್ ಆಸ್ತಿಗಳ ‘ಇ-ಸ್ವತ್ತು’, ಜಾತಿ ಆದಾಯ ಪ್ರಮಾಣಪತ್ರಗಳ ನಾಡಕಚೇರಿ ತಂತ್ರಾಂಶ ಒಂದೊಂದೂ ತನ್ನ ಇಲಾಖೆಯ ಅಗತ್ಯಕ್ಕೆ ತಕ್ಕಂತೆ ಹುಟ್ಟಿದವು. 2012ರ ಏಪ್ರಿಲ್ 2ರಂದು ರಾಜ್ಯಾದ್ಯಂತ ಜಾರಿಗೆ ಬಂದ ‘ಸಕಾಲ’ ಸೇವೆಗೆ ಗಡುವು ಹಾಕಿತು. ಆದರೆ ಗಡುವಿನೊಳಗೆ ಒಂದು ಕಚೇರಿ ಕೊಟ್ಟ ಕಾಗದವನ್ನು ಇನ್ನೊಂದು ಕಚೇರಿಗೆ ಮುಟ್ಟಿಸುವ ಹೊಣೆ ಅರ್ಜಿದಾರನದ್ದೇ ಆಗಿತ್ತು. ಎರಡು ಗಣಕಗಳ ನಡುವೆ ಆಗ ಇದ್ದ ಸಂಪರ್ಕವೆಂದರೆ ಅವನ ಕೈಯಲ್ಲಿದ್ದ ಝೆರಾಕ್ಸ್.

ಜಾಗದ ಸರಪಣಿ

ಜೋಡಣೆ ಮೊದಲು ಬಿಗಿಯಾದದ್ದು ಜಾಗದ ವಿಷಯದಲ್ಲಿ. ಸರ್ವೆ ನಂಬರಿನ ಒಂದು ಭಾಗವನ್ನು ಮಾರಬೇಕಾದರೆ ಮೋಜಿಣಿಯಲ್ಲಿ 11ಇ ನಕ್ಷೆ ಆಗಬೇಕು. ಆ ನಕ್ಷೆ ಮತ್ತು ಆರ್‌ಟಿಸಿಯ ವಿವರ ಕಾವೇರಿಗೆ ಹೋಗುತ್ತದೆ. ಕ್ರಯಪತ್ರ ನೋಂದಣಿಯಾದೊಡನೆ ಅದರ ಮಾಹಿತಿ ಭೂಮಿಗೆ ಹಿಂದಿರುಗಿ ಮ್ಯುಟೇಶನ್ (ಖಾತೆ ಬದಲಾವಣೆ) ತಾನಾಗಿ ಶುರುವಾಗುತ್ತದೆ. ಖರೀದಿದಾರ ಬೇರೆ ಅರ್ಜಿ ಹಾಕಬೇಕಾಗಿಲ್ಲ. ಕನ್ವರ್ಷನ್ (ಭೂ ಪರಿವರ್ತನೆ) ಆದ ಮನೆ ನಿವೇಶನಕ್ಕೆ ಆರ್‌ಟಿಸಿ ಸಾಲದು, ಪಂಚಾಯತಿನ ನಮೂನೆ 9 ಮತ್ತು 11 ಬೇಕು. ಕರಾವಳಿಯವರ ಬಾಯಲ್ಲಿ ಇದು ಬರೀ ‘ನೈನ್ ಇಲೆವೆನ್’. ಇವು ಇ-ಸ್ವತ್ತಿನಿಂದ ಬಾರದೆ ನೋಂದಣಿ ಮುಂದೆ ಹೋಗುವುದಿಲ್ಲ. 2023ರಲ್ಲಿ ಬಂದ ಕಾವೇರಿ 2.0 ಈ ಕೊಂಡಿಗಳನ್ನು ಇನ್ನಷ್ಟು ಬಿಗಿ ಮಾಡಿತು. ನಕಲಿ ಕಾಗದ ತೋರಿಸಿ ಜಾಗ ಮಾರುವುದು ಕಷ್ಟವಾಯಿತು ಎಂಬುದು ಇದರ ನಿಜವಾದ ಗಳಿಕೆ. ಕಡತದ ವೇಗ ಅದರ ಮುಂದೆ ಸಣ್ಣದು. ಜತೆಗೇ, ಸರಪಣಿಯ ಒಂದು ಕೊಂಡಿಯಲ್ಲಿ ದಾಖಲೆ ಸಿಕ್ಕಿಕೊಂಡರೆ ನ್ಯಾಯವಾದ ವ್ಯವಹಾರವೂ ಅಲ್ಲೇ ನಿಲ್ಲುತ್ತದೆ. ಹಿಂದೆ ಗುಮಾಸ್ತರೊಬ್ಬರು ಕಾಗದ ನೋಡಿ ತೀರ್ಮಾನ ಹೇಳುವ ಅವಕಾಶವಿತ್ತು. ಈಗ ಪರದೆ ‘ಇಲ್ಲ’ ಎಂದರೆ ಇಲ್ಲ.

ಆರ್‌ಡಿ ಸಂಖ್ಯೆ

ವಿದ್ಯಾರ್ಥಿಗಳಿಗೆ ಈ ವ್ಯವಸ್ಥೆಯ ಪರಿಚಯವಾಗುವುದು ರಾಜ್ಯ ವಿದ್ಯಾರ್ಥಿವೇತನ ಪೋರ್ಟಲಿನಲ್ಲಿ, ಅಂದರೆ ಎಸ್‌ಎಸ್‌ಪಿಯಲ್ಲಿ. ಇಲ್ಲಿ ಜಾತಿ ಆದಾಯ ಪ್ರಮಾಣಪತ್ರಗಳನ್ನು ಅಪ್‌ಲೋಡ್ ಮಾಡುವುದಿಲ್ಲ. ಪ್ರಮಾಣಪತ್ರದ ಮೇಲಿರುವ ‘ಆರ್‌ಡಿ’ಯಿಂದ ಶುರುವಾಗುವ ಸಂಖ್ಯೆಯನ್ನು ಹೊಡೆದರೆ ಸಾಕು. ಪೋರ್ಟಲ್ ಆ ಸಂಖ್ಯೆಯನ್ನು ನಾಡಕಚೇರಿಯ ದತ್ತಾಂಶಕ್ಕೆ ಕಳಿಸುತ್ತದೆ. ಅಲ್ಲಿಂದ ಹೆಸರು, ಜಾತಿಯ ವರ್ಗ, ಕುಟುಂಬದ ಆದಾಯ, ಪ್ರಮಾಣಪತ್ರದ ಅವಧಿ ಬರುತ್ತವೆ. ಆದಾಯದ ಪತ್ರಕ್ಕೆ 5 ವರ್ಷದ ಆಯುಸ್ಸು. ಅದು ಮುಗಿದಿದ್ದರೆ ಅಲ್ಲೇ ಗೊತ್ತಾಗುತ್ತದೆ. ಎಸ್‌ಎಸ್‌ಎಲ್‌ಸಿ ನೋಂದಣಿ ಸಂಖ್ಯೆಯಿಂದ ಅಂಕಪಟ್ಟಿಯ ಹೆಸರು, ಆಧಾರ್‌ನಿಂದ ಗುರುತು ಸಿಗುತ್ತದೆ. ಈ ಹೆಸರುಗಳು ಒಂದಕ್ಕೊಂದು ತಾಳೆಯಾಗಬೇಕು.

ಹಣ ಕೈಸೇರುವುದು ಇನ್ನೊಂದು ಜೋಡಣೆ. ವಿದ್ಯಾರ್ಥಿ ಖಾತೆ ಸಂಖ್ಯೆ ಕೊಡುವುದಿಲ್ಲ. ಆಧಾರ್ ಸಂಖ್ಯೆ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಎಂಬ ರಾಷ್ಟ್ರೀಯ ಪಾವತಿ ನಿಗಮದ (ಎನ್‌ಪಿಸಿಐ) ಪಟ್ಟಿ ನೋಡಿ ದುಡ್ಡು ಹೋಗುತ್ತದೆ. ಕೊನೆಗೆ ಜೋಡಿಸಿದ ಬ್ಯಾಂಕು ಯಾವುದೋ ಅದಕ್ಕೇ. ‘ಮ್ಯಾಪಿಂಗ್ ಆಗಿಲ್ಲ’ ಎಂಬ ಮಾತು ಈಗ ಹಳ್ಳಿಯ ಅಂಗಡಿಯಲ್ಲೂ ಕೇಳುತ್ತದೆ. ಬ್ಯಾಂಕುಗಳ ತವರೂರು ಎನಿಸಿದ ಈ ಕರಾವಳಿಯಲ್ಲಿ ವಿಜಯಾ ಬ್ಯಾಂಕ್ 2019ರ ಏಪ್ರಿಲ್‌ನಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ, 2020ರ ಏಪ್ರಿಲ್‌ನಲ್ಲಿ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೆ, ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿಗೆ ಸೇರಿದವು. ಪಾಸ್‌ಬುಕ್ಕಿನ ಐಎಫ್‌ಎಸ್‌ಸಿ ಕೋಡ್‌ಗಳು ಬದಲಾದವು. ಖಾತೆ ಸಂಖ್ಯೆ ನೆಚ್ಚಿಕೊಂಡ ಪಾವತಿಗಳಿಗೆ ಇದು ತೊಡಕು. ಆಧಾರ್ ದಾರಿಯ ಪಾವತಿಗೆ ಐಎಫ್‌ಎಸ್‌ಸಿಯೇ ಬೇಕಿಲ್ಲ.

ಅಡಿಕೆ ತೋಟದ ವಿಮೆ

ರೈತರ ನೋಂದಣಿಯ ‘ಫ್ರೂಟ್ಸ್’ ವ್ಯವಸ್ಥೆ ಒಬ್ಬ ರೈತನ ಬೇರೆ ಬೇರೆ ಗ್ರಾಮಗಳ ಸರ್ವೆ ನಂಬರುಗಳನ್ನು ಭೂಮಿಯಿಂದ ತೆಗೆದುಕೊಂಡು ಒಂದೇ ಎಫ್‌ಐಡಿ ಸಂಖ್ಯೆಯಡಿ ತರುತ್ತದೆ. ಎರಡು ತಾಲೂಕುಗಳಲ್ಲಿ ತೋಟವಿರುವ ಮಡಂತ್ಯಾರಿನ ಕೃಷಿಕನಿಗೆ ಇದು ದೊಡ್ಡ ಸವಲತ್ತು. ಸೊಸೈಟಿಯಲ್ಲಿ ಅಡಿಕೆ, ಕರಿಮೆಣಸಿನ ಹವಾಮಾನ ಆಧಾರಿತ ಬೆಳೆ ವಿಮೆ ಮಾಡಿಸುವಾಗ ಕೇಳುವುದು ಇದೇ ಸಂಖ್ಯೆಯನ್ನು. ವಿಮೆಯ ‘ಸಂರಕ್ಷಣೆ’ ಪೋರ್ಟಲ್ ಎಫ್‌ಐಡಿಯ ಮೂಲಕ ಜಾಗವನ್ನು, ಬೆಳೆ ಸಮೀಕ್ಷೆಯ ಮೂಲಕ ಅಲ್ಲಿರುವ ಬೆಳೆಯನ್ನು ನೋಡುತ್ತದೆ. ಪರಿಹಾರ ತೀರ್ಮಾನವಾಗುವುದು ತೋಟ ನೋಡಿ ಅಲ್ಲ, ಪಂಚಾಯತ್ ವ್ಯಾಪ್ತಿಯ ಮಳೆಮಾಪಕದ ಲೆಕ್ಕದಿಂದ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ರಾಜ್ಯದಲ್ಲಿ ಹಾಕಿರುವ ಸುಮಾರು 6,500 ದೂರಮಾಪನ ಮಳೆಮಾಪಕಗಳು 15 ನಿಮಿಷಕ್ಕೊಮ್ಮೆ ಅಂಕಿ ಕಳಿಸುತ್ತವೆ.

ಕಾಗದದ ಮೇಲೆ ಇದು ಚೊಕ್ಕ ವ್ಯವಸ್ಥೆ. ತೋಟದಲ್ಲಿ ಅಡಿಕೆ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿರುತ್ತದೆ, ನಡುವೆ ಕೊಕ್ಕೊ, ಬಾಳೆ. ಸಮೀಕ್ಷೆಗೆ ಬಂದವರು ಒಂದನ್ನು ಬರೆದು ಇನ್ನೊಂದನ್ನು ಬಿಟ್ಟರೆ ವಿಮೆ ಕಟ್ಟಿದ ಬೆಳೆ ದಾಖಲೆಯಲ್ಲಿ ಇಲ್ಲ ಎಂದಾಗುತ್ತದೆ. ಪ್ರೀಮಿಯಂ ಕಟ್ಟಿದ ರಸೀದಿ ಇದ್ದರೂ ಪರಿಹಾರಕ್ಕೆ ತಡೆ ಬೀಳುತ್ತದೆ. ಮಳೆಮಾಪಕ ಕೆಟ್ಟರೂ ಇದೇ ಗತಿ: ತಪ್ಪು ಅಂಕಿ ಲೆಕ್ಕಕ್ಕೆ ಸೇರಬಹುದು.

ಹೆಸರಿನ ತಾಳೆ

ಕನ್ನಡದ ದಾಖಲೆಗಳಿಗೆ ವಿಶೇಷವಾದ ತೊಡಕೊಂದಿದೆ. ಆರ್‌ಟಿಸಿ ಕನ್ನಡದಲ್ಲಿದೆ, ಬ್ಯಾಂಕಿನದು ಇಂಗ್ಲಿಷಿನಲ್ಲಿ, ಆಧಾರ್ ಎರಡರಲ್ಲೂ. ಮಡಂತ್ಯಾರು ಸುತ್ತಿನ ಹೆಸರುಗಳಲ್ಲಿ ತುಳು, ಕೊಂಕಣಿ, ಬ್ಯಾರಿ ಎಲ್ಲ ಇವೆ. ಡಿಸೋಜ, ಡಿಸೋಜಾ, ಡಿ’ಸೋಜ ಒಂದೇ ಮನೆಯವರು. ಗಣಕಕ್ಕೆ ಮೂರು ಮನೆ. ಆರ್‌ಟಿಸಿಯಲ್ಲಿ ‘ಬಿನ್’ ಹಾಕಿ ತಂದೆಯ ಹೆಸರಿದ್ದರೆ ಆಧಾರ್‌ನಲ್ಲಿ ಬರೀ ಇನಿಷಿಯಲ್ ಇರುತ್ತದೆ. ಕಣ್ಣಿಗೆ ಕಾಣದ ವ್ಯತ್ಯಾಸವೂ ಉಂಟು: ಅಕ್ಷರಗಳು ಕೂಡದಂತೆ ತಡೆಯಲು ಯೂನಿಕೋಡಿನಲ್ಲಿ ಹಾಕುವ ಅದೃಶ್ಯ ಸಂಕೇತ ಒಂದು ಕಡೆ ಇದ್ದು ಇನ್ನೊಂದು ಕಡೆ ಇಲ್ಲದಿದ್ದರೆ, ಒಂದೇ ಎಂದು ಓದಿಸಿಕೊಳ್ಳುವ ಎರಡು ಹೆಸರು ಬೇರೆ ಬೇರೆ ಎಂದು ತಿರಸ್ಕೃತವಾಗುತ್ತವೆ. ನುಡಿಯಂಥ ಹಳೆಯ ಫಾಂಟುಗಳಲ್ಲಿ ಬೆರಳಚ್ಚಾದ ದಾಖಲೆಯನ್ನು ಯೂನಿಕೋಡಿಗೆ ಪರಿವರ್ತಿಸಿದಾಗಲೂ ಒತ್ತಕ್ಷರಗಳು ಕೆಡುವುದುಂಟು.

ಊರಿನ ಹೆಸರಿಗಾದರೆ ಪರಿಹಾರ ಸಿಕ್ಕಿದೆ. ಮೂಡಬಿದಿರೆ, ಮೂಡುಬಿದಿರೆ, ಮೂಡಬಿದ್ರಿ ಹೇಗೆ ಬರೆದರೂ ಕೇಂದ್ರದ ಸ್ಥಳೀಯ ಆಡಳಿತ ಡೈರೆಕ್ಟರಿಯ ಸಂಖ್ಯೆ ಒಂದೇ. ಮನುಷ್ಯರಿಗೆ ಆಧಾರ್ ಆ ಕೆಲಸ ಮಾಡಬೇಕೆಂದು 2024ರಿಂದ ಆರ್‌ಟಿಸಿಗೆ ಆಧಾರ್ ಜೋಡಿಸುವ ಅಭಿಯಾನ ನಡೆಯಿತು. ತೀರಿಹೋದ ಅಜ್ಜನ ಹೆಸರಿನಲ್ಲೇ ಉಳಿದ ಜಂಟಿ ಖಾತೆಗಳಿಗೆ ಮಾತ್ರ ಯಾವ ಸಂಖ್ಯೆ ಜೋಡಿಸುವುದು?

ಮುಕ್ತತೆ

ಭಾರತ ಸರಕಾರ 2015ರಲ್ಲಿ ಓಪನ್ ಸೋರ್ಸ್ ತಂತ್ರಾಂಶ ಬಳಕೆಗೊಂದು, ಮುಕ್ತ ಎಪಿಐಗಳಿಗೊಂದು ನೀತಿ ಪ್ರಕಟಿಸಿತು. ‘ಎಪಿಐ ಸೇತು’ ವೇದಿಕೆಯೂ ಡಿಜಿಲಾಕರ್ ಕೂಡ ಈ ಹಾದಿಯವು. ಬೆಂಗಳೂರಿನ ಎರಡು ಕೆಲಸಗಳು ಇಲ್ಲಿ ಮುಖ್ಯ. 2003ರಲ್ಲಿ ನಂದನ್ ನಿಲೇಕಣಿ ಮತ್ತು ಶ್ರೀಕಾಂತ್ ನಾದಮುನಿ ಕಟ್ಟಿದ ಇ-ಗವರ್ನಮೆಂಟ್ಸ್ ಫೌಂಡೇಶನ್, ‘ನಿರ್ಮಲ ನಗರ’ ಕಾರ್ಯಕ್ರಮದಲ್ಲಿ ಕರ್ನಾಟಕದ ನಗರಾಡಳಿತಗಳಿಗೆ ತಂತ್ರಾಂಶ ಒದಗಿಸಿತ್ತು. ಅದರ ‘ಡಿಜಿಟ್’ ವೇದಿಕೆ ಮುಂದೆ ಪಂಜಾಬಿನ ನಗರಾಡಳಿತಗಳಲ್ಲಿ ಬೇರೂರಿತು. ಐಐಐಟಿ-ಬೆಂಗಳೂರಿನಲ್ಲಿ 2018ರಲ್ಲಿ ಆರಂಭವಾದ ‘ಮಾಸಿಪ್’ ಗುರುತಿನ ಚೀಟಿಯ ತಂತ್ರಾಂಶವನ್ನು ಫಿಲಿಪೀನ್ಸ್, ಮೊರಾಕೊ, ಇಥಿಯೋಪಿಯಗಳು ಬಳಸುತ್ತಿವೆ. ಎರಡರ ಮೂಲ ಕೋಡೂ ಬಹಿರಂಗ. ಎಸ್ಟೋನಿಯ 2001ರಲ್ಲೇ ತನ್ನ ಇಲಾಖೆಗಳನ್ನು ‘ಎಕ್ಸ್-ರೋಡ್’ ಮೂಲಕ ಬೆಸೆದು 2016ರಲ್ಲಿ ಕೋಡನ್ನು ಬಿಟ್ಟುಕೊಟ್ಟಿತು. ತನ್ನ ದಾಖಲೆಯನ್ನು ಯಾವ ಕಚೇರಿ ಯಾವಾಗ ನೋಡಿತು ಎಂದು ಅಲ್ಲಿನ ನಾಗರಿಕ ಸ್ವತಃ ನೋಡಬಲ್ಲ. ನಮ್ಮಲ್ಲಿ ಇಲ್ಲದಿರುವುದು ಮುಖ್ಯವಾಗಿ ಇದೇ. ಕೋಡ್ ಓದಲು ಬಾರದವನಿಗೂ ನೋಡಿದವರ ಈ ಪಟ್ಟಿ ಅರ್ಥವಾಗುತ್ತದೆ. ಇದು ಖಾಸಗಿತನದ ಪ್ರಶ್ನೆಯೂ ಹೌದು. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ. 2023ರಲ್ಲಿ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಬಂತು; ಸರಕಾರಿ ಸವಲತ್ತಿನ ಕೆಲಸಕ್ಕೆ ಅದು ಸಾಕಷ್ಟು ರಿಯಾಯಿತಿ ಕೊಟ್ಟಿದೆ.

‘ಸರ್ವರ್ ಇಲ್ಲ’

2023ರ ಜೂನ್ 18ರಂದು ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯ ನೋಂದಣಿ ರಾಜ್ಯದ ಸೇವಾ ಸಿಂಧು ಪೋರ್ಟಲಿನಲ್ಲಿ ಶುರುವಾದಾಗ, ಆಧಾರ್ ಮತ್ತು ವಿದ್ಯುತ್ ಬಿಲ್ಲಿನ ಗ್ರಾಹಕ ಸಂಖ್ಯೆ ಎರಡೂ ತಾಳೆಯಾಗಬೇಕಿತ್ತು. ರಾಜ್ಯವೇ ಒಮ್ಮೆಗೆ ಮುಗಿಬಿದ್ದು ಪೋರ್ಟಲ್ ತತ್ತರಿಸಿತು. ಇಂಥ ಅರ್ಜಿ ಒಂದರ ಹಿಂದೆ ನಾಲ್ಕೈದು ಗಣಕಗಳು ಸಾಲಾಗಿ ಉತ್ತರ ಕೊಡಬೇಕು. ಒಂದು ಮೌನವಾದರೂ ಸಾಕು, ಅರ್ಜಿ ಹಾಕಿಕೊಡುವ ಗ್ರಾಮ ಒನ್ ಕೇಂದ್ರದವರ ಪರದೆಯಲ್ಲಿ ಚಕ್ರ ಸುತ್ತುತ್ತಲೇ ಇರುತ್ತದೆ. ತಪ್ಪು ಯಾವ ಕೊಂಡಿಯದ್ದು ಎಂದು ಅವರಿಗೆ ಕಾಣುವುದಿಲ್ಲ; ಕಾದವರಿಗೆ ಹೇಳಲು ಅವರ ಬಳಿ ಇರುವುದು ಎರಡೇ ಪದ. ಯಾವ ಇಲಾಖೆಯ ಎಪಿಐ ದಿನದಲ್ಲಿ ಎಷ್ಟು ಹೊತ್ತು ನಡೆಯಿತು ಎಂಬ ಲೆಕ್ಕ ಬಹಿರಂಗವಾಗಿ ಸಿಕ್ಕರೆ, ಬೆಳ್ತಂಗಡಿಗೆ ಹೋಗಬೇಕೋ ಮರುದಿನ ಮತ್ತೆ ಇಲ್ಲಿಗೇ ಬರಬೇಕೋ ಎಂದಾದರೂ ಅವರು ಹೇಳಬಲ್ಲರು.