ಬರೆಸಿಕೊಂಡವರು

ಅಂತರಸಂತೆ ಹೋಬಳಿಯ ಯಾವ ಊರಿನ ಹಳೇ ಕ್ರಯಪತ್ರ ಬಿಚ್ಚಿದರೂ ಆರಂಭದ ಧಾಟಿ ಒಂದೇ: ಇಂಥ ಗ್ರಾಮದ ಇಂಥವರಿಗೆ, ಇಂಥವರು ಬರೆದುಕೊಟ್ಟ ಶುದ್ಧ ಕ್ರಯಪತ್ರದ ಕ್ರಮವೇನೆಂದರೆ. ಕೊಳ್ಳುವವರ ಹೆಸರು ಮೊದಲು, ಮಾರುವವರ ಹೆಸರು ಆಮೇಲೆ. ಪತ್ರ ಮುಂದುವರಿದಂತೆ ಒಬ್ಬರು ‘ಬರೆದುಕೊಟ್ಟವರು’, ಇನ್ನೊಬ್ಬರು ‘ಬರೆಸಿಕೊಂಡವರು’.

ಇಂಗ್ಲಿಷ್ ಕಾನೂನಿನಲ್ಲಿ ಈ ಬರೆಸಿಕೊಂಡವರ ಹೆಸರು ಟ್ರಾನ್ಸ್‌ಫರೀ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ ಉದ್ದಕ್ಕೂ ಈ ಪದವಿದೆ. ಕೊನೆಯ ‘ಈ’ ನಾರ್ಮನ್ನರ ಫ್ರೆಂಚಿನಿಂದ ಇಂಗ್ಲೆಂಡಿನ ನ್ಯಾಯಾಲಯಕ್ಕೆ ಬಂದದ್ದು; ಲೆಸ್ಸೀ, ಗ್ರಾಂಟೀ ಎಲ್ಲ ಅದೇ ಬಳಗದವು. ಆ ‘ಈ’ ಕೇಳಿದರೆ ಯಾರೋ ಕೊಟ್ಟದ್ದು ತಾನಾಗಿ ಬಂದು ಮಡಿಲಿಗೆ ಬಿದ್ದ ಹಾಗಿರುತ್ತದೆ. ನಮ್ಮ ಪತ್ರ ಬರಹಗಾರರ ಮಾತಿನಲ್ಲಿ ಮುಂದೆ ಬಂದು ನಿಲ್ಲುವವರು ಪಡೆದವರೇ. ಬರೆಸಿದವರೂ ಅವರು, ತಮಗಾಗಿ ಇಟ್ಟುಕೊಂಡವರೂ ಅವರು. ‘ಇಸು’, ‘ಕೊಳ್ಳು’ ಎರಡೂ ಸೇರಿ ಹೊಣೆಯನ್ನು ಹೊರಿಸುತ್ತವೆ.

ಆ ಹೊಣೆ ಎಷ್ಟು ಭಾರದ್ದೆಂದು ತಿಳಿಯಬೇಕಾದರೆ ಪಿಟಿಸಿಎಲ್ ಕಾಯ್ದೆಯ ಕೇಸು ನೋಡಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನು ಕೈಬಿಟ್ಟು ಹೋಗದಿರಲೆಂದು 1978ರಲ್ಲಿ ಮಾಡಿದ ಕಾಯ್ದೆ ಇದು. ಜಾರಿಗೆ ಬಂದದ್ದು 1979ರ ಜನವರಿ 1ರಂದು. ಮಂಜೂರಾತಿಯ ಷರತ್ತು ಮೀರಿ ನಡೆದ ವರ್ಗಾವಣೆ, ಕಾಯ್ದೆಗೆ ಮುಂಚಿನದಾದರೂ, ಶೂನ್ಯ. ಕಾಯ್ದೆ ಬಂದ ಮೇಲೆ ಸರ್ಕಾರದ ಅನುಮತಿ ಮೊದಲೇ ಪಡೆಯದೆ ಪರಭಾರೆ ಮಾಡುವಂತಿಲ್ಲ.

ಇಲ್ಲಿ ವರ್ಗಾವಣೆಯೆಂದರೆ ಕ್ರಯವಷ್ಟೇ ಎಂದುಕೊಂಡವರು ತುಂಬ ಜನ. ಕಾಯ್ದೆಯ ವ್ಯಾಖ್ಯೆಯಲ್ಲಿ ದಾನ, ಅದಲುಬದಲು, ಭೋಗ್ಯ, ಗುತ್ತಿಗೆ, ಕ್ರಯದ ಕರಾರು ಎಲ್ಲವೂ ಇವೆ. ಹೊರಗೆ ಉಳಿದವು ಎರಡೇ: ಕುಟುಂಬದೊಳಗಿನ ವಿಭಾಗ ಮತ್ತು ಉಯಿಲು. ನಮ್ಮ ಹೆಗ್ಗಡದೇವನಕೋಟೆ ಸೀಮೆಯಲ್ಲಿ ಕೇರಳದಿಂದ ಬಂದವರು ಶುಂಠಿಗೆ ಜಮೀನು ಗುತ್ತಿಗೆ ಹಿಡಿಯುವುದು ಎಲ್ಲರಿಗೂ ಗೊತ್ತಿದ್ದದ್ದೇ. ಆ ಜಮೀನು ಪರಿಶಿಷ್ಟರ ದರಖಾಸ್ತಿನದಾಗಿದ್ದರೆ, ಕ್ರಯಪತ್ರದ ಮುಖ ನೋಡದ ಆ ಗುತ್ತಿಗೆದಾರರೂ ಕಾನೂನಿನ ಕಣ್ಣಿಗೆ ಟ್ರಾನ್ಸ್‌ಫರೀ. ಈ ಮಾತನ್ನು ಅವರಿಗೂ, ಜಮೀನು ಕೊಟ್ಟ ಮನೆಯವರಿಗೂ ತಿಳಿಯುವ ಕನ್ನಡದಲ್ಲಿ ಮುಂಗಡ ಕೊಡುವ ದಿನವೇ ಯಾರಾದರೂ ಹೇಳಬೇಕು.

ಕೇಸು ನಡೆಯುವುದು ಹುಣಸೂರಿನ ಉಪವಿಭಾಗಾಧಿಕಾರಿಗಳ ಮುಂದೆ. ಮಂಜೂರಾದವರಾಗಲಿ ಅವರ ವಾರಸುದಾರರಾಗಲಿ ಅಲ್ಲದವರ ಸ್ವಾಧೀನದಲ್ಲಿ ಜಮೀನು ಇದ್ದರೆ, ಅದು ಶೂನ್ಯ ವರ್ಗಾವಣೆಯಿಂದಲೇ ಬಂದದ್ದೆಂದು ಕಾಯ್ದೆ ಭಾವಿಸುತ್ತದೆ. ಹಾಗಲ್ಲವೆಂದು ತೋರಿಸುವ ಭಾರ ಅನುಭವದಲ್ಲಿರುವವರದು. ಮಂಚೇಗೌಡ ಪ್ರಕರಣದಲ್ಲಿ 1984ರಲ್ಲಿ ಸುಪ್ರೀಂ ಕೋರ್ಟ್ ಈ ಕಾಯ್ದೆಯನ್ನು ಎತ್ತಿಹಿಡಿಯಿತು. ಬಹಳ ಕಾಲ ಕಳೆದ ಮೇಲೆ ಬಂದ ಅರ್ಜಿಗಳನ್ನು ತಡದ ಕಾರಣಕ್ಕೆ ಕೋರ್ಟುಗಳು ತಳ್ಳಿಹಾಕತೊಡಗಿದಾಗ, ಅರ್ಜಿಗೆ ಕಾಲಮಿತಿಯಿಲ್ಲ ಎಂದು 2023ರಲ್ಲಿ ವಿಧಾನಮಂಡಲ ತಿದ್ದುಪಡಿ ತಂದಿತು. ಅದು ಸರಿಯಾದ ಕೆಲಸವೆಂದೇ ನನ್ನ ಅಭಿಪ್ರಾಯ. ಮಗಳ ಮದುವೆಗೋ ಆಸ್ಪತ್ರೆಗೋ ಹಣ ಬೇಕಾಗಿ ಹೆಬ್ಬೆಟ್ಟು ಒತ್ತಿದ ಮನೆಗೆ ಕಾನೂನು ಗೊತ್ತಾಗುವ ಹೊತ್ತಿಗೆ ಒಂದು ತಲೆಮಾರು ಕಳೆದಿರುತ್ತದೆ.

ಈ ಹೋಬಳಿಯ ಕಾಡಂಚಿನ ಹಾಡಿಗಳಲ್ಲಿ ಇನ್ನೊಂದು ಕಾಗದವಿದೆ: 2006ರ ಅರಣ್ಯ ಹಕ್ಕು ಕಾಯ್ದೆಯ ಹಕ್ಕುಪತ್ರ. ಜೇನುಕುರುಬರ ಮನೆಗೆ ಬಂದ ಆ ಹಕ್ಕು ಮಕ್ಕಳಿಗೆ ಹೋಗುತ್ತದೆ, ಮಾರಾಟಕ್ಕೆ ಹೋಗದು. ಮದುವೆಯಾದವರಿಗೆ ಗಂಡ ಹೆಂಡತಿ ಇಬ್ಬರ ಹೆಸರಿನಲ್ಲೂ ಕೊಡಬೇಕು. ಅಲ್ಲಿ ವಾರಸುದಾರರಿದ್ದಾರೆ, ಬರೆಸಿಕೊಳ್ಳುವವರಿಗೆ ಜಾಗವೇ ಇಲ್ಲ.

ಈಚೆಗೆ ಭಾಷಾಂತರದ ಕಡತಗಳಲ್ಲಿ ಟ್ರಾನ್ಸ್‌ಫರೀಗೆ ‘ವರ್ಗಾವಣೆದಾರ’ ಎಂಬ ಪದ ಕಾಣುತ್ತಿದೆ. ಕೊಟ್ಟವರೋ ಪಡೆದವರೋ ಅದರಿಂದ ತಿಳಿಯದು. ಹಳ್ಳಿಯ ಕಿವಿಗಂತೂ ವರ್ಗಾವಣೆಯೆಂದರೆ ಮೇಷ್ಟ್ರು, ಪೊಲೀಸರು ಬೇರೆ ಊರಿಗೆ ಹೋಗುವುದು. ಉಪವಿಭಾಗಾಧಿಕಾರಿಗಳ ನೋಟಿಸಿನಲ್ಲಿ ಬರೆದುಕೊಟ್ಟವರು, ಬರೆಸಿಕೊಂಡವರು ಎಂದೇ ಇರಲಿ. ಬಾಯಿಮಾತಿನ ಗುತ್ತಿಗೆಯಾದರೆ ‘ಗುತ್ತಿಗೆ ಹಿಡಿದವರು’ ಎಂದರಾಯಿತು.